ತಮಾರಾಳ ಟೀ ಮಗ್ ಮೇಲಿನ ಅಕ್ಷರ

ಹೊಸ ಟೀ ಮಗ್ ಬಂದ ದಿನ ಆಫೀಸಿನವರೆಲ್ಲ ತಮಾರಾಳದ್ದನ್ನೇ ಎತ್ತಿ ಎತ್ತಿ ನೋಡಿದರು. ನನ್ನದನ್ನು ನಾನೇ ಡ್ರಾಯರ್ ಒಳಗೆ ತಳ್ಳಿದೆ.

ಇಲ್ಲಿ ಗಲ್ಫಿನಲ್ಲಿ, ಅಲ್ ಖುವೈರ್‌ನ ನಮ್ಮ ಆಫೀಸಿನಲ್ಲಿ ಬೇರೆ ಬೇರೆ ದೇಶದವರಿದ್ದೇವೆ. ಎಲ್ಲರಿಗೂ ಮಗ್ ಮಾಡಿಸುತ್ತೇವೆ, ನಿಮ್ಮ ನಿಮ್ಮ ಮಾತೃಭಾಷೆಯ ಒಂದು ಪದ ಕಳಿಸಿ ಅಂತ ಎಚ್‌ಆರ್‌ನವರು ಮೇಲ್ ಹಾಕಿದ್ದರು.

ತಮಾರಾ ನನ್ನ ಪಕ್ಕದ ಸೀಟು, ಜಾರ್ಜಿಯಾದವಳು. ಆದರೆ ಅವಳು ಕಳಿಸಿದ್ದು ಜಾರ್ಜಿಯನ್ ಪದ ಅಲ್ಲ. ಅವಳ ಮನೆಮಾತು ಮಿಂಗ್ರೇಲಿಯನ್ ಅಂತೆ. ಸರಕಾರದ ಕಾಗದದಲ್ಲಿ ಇಲ್ಲ, ಮನೆಯಲ್ಲಿ ಆಡುವುದು ಮಾತ್ರ.

ಹೆಚ್ಚುಕಡಿಮೆ ನಮ್ಮ ತುಳುವಿನ ಹಾಗೇ ಅಲ್ವಾ ಅಂತ ಖುಷಿಯಾಯಿತು. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

ಅವಳ ಭಾಷೆಯಲ್ಲಿ ಗಂಟಲಲ್ಲೇ ತಡೆದು ಹೊರಡುವ ಒಂದು ಸದ್ದು ಇದೆ. ಅದಕ್ಕೆಂದೇ ಜಾರ್ಜಿಯನ್ ಲಿಪಿಯಲ್ಲಿ ಒಂದು ಬೇರೆ ಅಕ್ಷರ, ჸ. ಈಗಿನ ಜಾರ್ಜಿಯನ್ ಬರೆಯಲು ಅದು ಬೇಕಾಗುವುದೇ ಇಲ್ಲ.

ಆದರೂ ಫೋನು, ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರಪಟ್ಟಿ ಯೂನಿಕೋಡ್‌ನಲ್ಲಿ ಎಷ್ಟೋ ವರ್ಷದ ಹಿಂದೆಯೇ ಅದಕ್ಕೊಂದು ಜಾಗ ಸಿಕ್ಕಿದೆ. ಅವಳು ಫೋನಲ್ಲಿ ಒತ್ತಿದರೆ ನನ್ನ ಫೋನಲ್ಲೂ ನೆಟ್ಟಗೆ ಕಾಣುತ್ತದೆ.

ತುಳು ಲಿಪಿಗೂ ಈಚೆಗೆ ಜಾಗ ಸಿಕ್ಕಿದೆ. ನಾನು ಶುಕ್ರವಾರದ ರಜೆಯಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತು ಆ ಲಿಪಿ ಕಲಿತವನು, ಬಿಡುತ್ತೇನಾ? ಲ್ಯಾಪ್‌ಟಾಪಿಗೆ ಫಾಂಟ್ ಇಳಿಸಿ 'ಅಪ್ಪೆ' ಅಂತ ಟೈಪ್ ಮಾಡಿ ಕಳಿಸಿದೆ. ತುಳುವಿನಲ್ಲಿ ಅಪ್ಪೆ ಅಂದರೆ ಅಮ್ಮ.

ಆ ಫಾಂಟ್ ಇರುವುದು ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಅನ್ನುವುದು ಹೊಳೆಯಲೇ ಇಲ್ಲ.

ರೂವಿಯ ಪ್ರಿಂಟಿಂಗ್ ಅಂಗಡಿಯಿಂದ ತಮಾರಾಳ ಮಗ್ ಮೇಲೆ ಮುದ್ದಾಗಿ ಅವಳ ಭಾಷೆಯಲ್ಲಿ 'ಮನೆ' ಅನ್ನುವ ಪದ ಬಂತು, ಶುರುವಾಗುವುದೇ ಆ ಅಕ್ಷರದಿಂದ. ನನ್ನ ಮಗ್ ಮೇಲೆ ಸಾಲಾಗಿ ಖಾಲಿ ಚೌಕಗಳು...

ಅಂಗಡಿಯವನಿಗೆ ಫೋನ್ ಮಾಡಿದೆ. "ಭಾಯ್, ಮೈ ಸಮ್ಝಾ ಡಿಸೈನ್ ಹೈ" ಅಂದ. ಡಿಸೈನ್ ಅಂದುಕೊಂಡನಂತೆ.

ಹೊಟ್ಟೆ ಉರಿಯಿತು. ಅವಳ ಭಾಷೆ ಆಡುವವರು ನಮಗಿಂತ ಕಡಿಮೆ ಜನ. ಅವರ ಅಕ್ಷರ ಮಾತ್ರ ರಾಣಿಯ ಹಾಗೆ ಮೇಜಿನ ಮೇಲೆ ಕೂತಿದೆ, ನನ್ನ ಅಪ್ಪೆ ಡ್ರಾಯರ್ ಒಳಗೆ.

ದಾರ್ಸೈಟ್‌ನ ಮನೆಗೆ ಬಂದು ಹೆಂಡತಿ ಹತ್ತಿರ ಹೇಳಿದೆ. "ಒಂದು ಅಕ್ಷರಕ್ಕೆಲ್ಲ ಹೊಟ್ಟೆಕಿಚ್ಚು ಪಡುವವರನ್ನು ನಾನು ನೋಡಿಲ್ಲ ಮಾರಾಯ್ರೆ" ಅಂತ ನಕ್ಕಳು.

ನಗಲಿ. ಪದವನ್ನು ಚಿತ್ರ ಮಾಡಿ ಕಳಿಸಿ ಇನ್ನೊಂದು ಮಗ್ ಮಾಡಿಸಿದೆ. ಈ ಸಲ ಅಪ್ಪೆ ಸರಿಯಾಗಿ ಬಂದಳು. ಬೇಕಂತಲೇ ತಮಾರಾಳ ಮಗ್ ಪಕ್ಕದಲ್ಲಿ ತಂದಿಟ್ಟೆ.

ಇಬ್ಬರೂ ಫೋಟೋ ತೆಗೆದು ಊರಲ್ಲಿರುವ ನಮ್ಮ ನಮ್ಮ ಅಮ್ಮನಿಗೆ ಕಳಿಸಿದೆವು.

ಅವಳ ಟೀ ಮುಗಿಯುವ ಮೊದಲೇ ಉತ್ತರ ಬಂತು. ಫೋನ್ ತಿರುಗಿಸಿ ತೋರಿಸಿದಳು. ಉದ್ದದ ಮೆಸೇಜ್, ಮಧ್ಯೆ ಮಧ್ಯೆ ಅದೇ ჸ. ಓದುತ್ತಾ ಓದುತ್ತಾ ಅವಳ ಕಣ್ಣು ತುಂಬುತ್ತಿದೆ, ನಾನು ಕಿಟಕಿಯಾಚೆ ಹೈವೇ ನೋಡುತ್ತಿದ್ದೇನೆ.

ನನಗೆ ಕಾರ್ಕಳದಿಂದ ವಾಯ್ಸ್ ಮೆಸೇಜ್ ಬಂತು.

"ಉಂದು ದಾನೆ ಮಗಾ, ಮಲಯಾಳಮಾ?"

ಇದೇನು ಮಗಾ, ಮಲಯಾಳವಾ ಅಂತ ಕೇಳುತ್ತಿದ್ದಾರೆ ಅಮ್ಮ. ಬೆಳಗಿನಿಂದ ರಾತ್ರಿವರೆಗೆ ತುಳುವಿನಲ್ಲೇ ಮಾತಾಡುವವರು. ಓದಿದ್ದು, ಬರೆದಿದ್ದು ಎಲ್ಲ ಕನ್ನಡದಲ್ಲಿ. ಈ ಲಿಪಿಯನ್ನು ಅವರಿಗೆ ಯಾರೂ ತೋರಿಸಿದ್ದೇ ಇಲ್ಲ.

ನಿನ್ನ ಅಮ್ಮ ಏನಂದರು ಅಂತ ತಮಾರಾ ಕೇಳಿದಳು. ತುಂಬಾ ಖುಷಿಪಟ್ಟರು ಅಂದೆ.

ಫಾಂಟ್ ಬಿಡಿ, ಇವತ್ತಲ್ಲ ನಾಳೆ ಎಲ್ಲ ಫೋನಿಗೂ ಬಂದೀತು. ಅವಳಿಗೆ ಬಂದ ಆ ಉತ್ತರ ನೆನೆದರೆ ಮಾತ್ರ ನನಗೆ ಈಗಲೂ ಸಂಕಟವಾಗುತ್ತದೆ.

ಇಲ್ಲಿ ಯಾರಿಗಾದರೂ ತುಳು ಲಿಪಿ ಓದಲು ಬರುತ್ತದಾ? ಒಂದು ಪದ ಕಳಿಸುತ್ತೇನೆ, ತಿರುಗಿ ಏನಾದರೂ ಬರೆಯುತ್ತೀರಾ?