ಬಂಡೆಯ ಗುರುತಿನೊಳಗಿದ್ದ ಕೊಕ್ಕೆ

ಬೆಳಗ್ಗೆ ಐದೂ ಇಪ್ಪತ್ತು. ಕಾಪುವಿನ ಹೆದ್ದಾರಿಯಿಂದ ತುಸು ಒಳಗೆ, ಕೆಂಪು ಮುರಕಲ್ಲಿನ ಗುಡ್ಡದ ಮೇಲೆ ಡೀಸೆಲ್ ಜನರೇಟರ್ ಕೆಮ್ಮಿ ಕೆಮ್ಮಿ ಶುರುವಾಗುತ್ತದೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ರಾಮದಾಸ ಮೆಂಡನ್ ಕನ್ನಡಕ ತೆಗೆದು ಜೇಬಿಗಿಟ್ಟು, ರಾಡಾರ್ ಪರದೆಯ ರಬ್ಬರ್ ಮುಸುಕಿಗೆ ಮುಖ ಒತ್ತುತ್ತಾರೆ. ಇನ್ನು ಹತ್ತು ನಿಮಿಷ ಅವರನ್ನು ಕರೆದು ಪ್ರಯೋಜನವಿಲ್ಲ. ಒಳಗೆ ದುಂಡನೆಯ ಪರದೆಯ ಮೇಲೆ ಬೆಳಕಿನ ಗೆರೆಯೊಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದೆ. ಮಳೆ ಇರುವಲ್ಲೆಲ್ಲ ಹೊಳೆಯುವ ಮಚ್ಚೆ ಮೂಡುತ್ತದೆ. ಅದನ್ನವರು ಮೇಲಿನ ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ಗೀಚುತ್ತಾರೆ. ಆಮೇಲೆ ಬಲಗೈಯ ಪಕ್ಕದ ಸಣ್ಣ ಚಕ್ರ ತಿರುಗಿಸಿ, ಛಾವಣಿಯ ಮೇಲಿರುವ ಆಂಟೆನಾದ ಮುಖವನ್ನು ಚೂರು ಮೇಲಕ್ಕೆತ್ತಿ ಇನ್ನೊಮ್ಮೆ ನೋಡುತ್ತಾರೆ.

ಈ ಎರಡನೆಯ ನೋಟ ಯಾವ ನಿಯಮದಲ್ಲೂ ಇಲ್ಲ. ಅದಕ್ಕೆ ನಾಲ್ಕು ನಿಮಿಷ ಹೆಚ್ಚು ಬೇಕು. ದಿನಕ್ಕೆ ಎಂಟು ಸಲ, ಚಂಡಮಾರುತ ಎದ್ದ ದಿನ ಅರ್ಧ ಗಂಟೆಗೊಮ್ಮೆ, ನಾಲ್ಕು ವರ್ಷಗಳಿಂದ ಅವರು ಇದನ್ನು ಒಮ್ಮೆಯೂ ತಪ್ಪಿಸಿಲ್ಲ. ಮುಖ ಎತ್ತಿದಾಗ ಕಣ್ಣ ಸುತ್ತ ರಬ್ಬರಿನ ಕೆಂಪು ಬಳೆ. ಅದು ಮಾಯಲು ಗಂಟೆಗಟ್ಟಲೆ ಬೇಕು.

“ಇವರು ಮನೆಯಲ್ಲಿ ದೋಸೆಯನ್ನೂ ಎತ್ತಿ ಅಡಿ ನೋಡಿಯೇ ತಿನ್ನುವುದು ಮಾರಾಯ್ರೆ,” ಎಂದು ಹೆಂಡತಿ ವನಜಾಕ್ಷಿ ನಗುತ್ತಾರೆ. ರಾಮದಾಸರು ನಗುವುದಿಲ್ಲ.

ನಲವತ್ತನಾಲ್ಕರ ಈ ಮನುಷ್ಯ ಕಾಪುವಿನ ಮೀನುಗಾರರ ಮನೆಯವರು. ಎಸ್ಸೆಸ್ಸೆಲ್ಸಿ ಮುಗಿಸಿ ರಾಡಾರ್ ತರಬೇತಿಗೆ ಹೊರಟಾಗ ನೆಂಟರು ಆಡಿಕೊಂಡದ್ದೇ ಆಡಿಕೊಂಡದ್ದು: ಕಡಲಿಗಿಳಿಯಲು ಹೆದರಿ ಕೋಣೆಯಲ್ಲಿ ಕೂತು ಕಡಲು ನೋಡುವವ! ೧೯೭೪ರಲ್ಲಿ ಗುಡ್ಡದ ಮೇಲೆ ಈ ಪುಟ್ಟ ಠಾಣೆ ಬಂತು. ಮೊದಲ ವರ್ಷ, ಮೋಡವಿಲ್ಲದ ಒಂದು ಬೆಳಗ್ಗೆ, ರಾಮದಾಸರೇ ಕುಳಿತು ಗಾಜಿನ ಮೇಲೆ ಕೆಂಪು ಗೆರೆಯಿಂದ ಗುಡ್ಡಗಳ ಗುರುತು ಬರೆದರು. ರಾಡಾರಿಗೆ ಮೋಡವೂ ಒಂದೇ, ಬಂಡೆಯೂ ಒಂದೇ. ಎರಡೂ ಹೊಳೆಯುತ್ತವೆ. ಕಾರ್ಕಳದ ಬಂಡೆಗಳು ವರ್ಷವಿಡೀ ಅಲ್ಲೇ ಇರುವುದರಿಂದ, ಕೆಂಪು ಗೆರೆಯೊಳಗೆ ಏನೇ ಹೊಳೆದರೂ ಅದು ಹವಾಮಾನವಲ್ಲ, ನೋಡಬೇಕಾಗಿಲ್ಲ ಎಂಬುದು ಠಾಣೆಯ ರೂಢಿ. ಗೆರೆ ಎಷ್ಟು ಚೊಕ್ಕವಾಗಿತ್ತೆಂದರೆ ನೋಡಲು ಬಂದ ಮೇಲಧಿಕಾರಿಗಳು ಬೆನ್ನು ತಟ್ಟಿದ್ದರು.

೧೯೭೯ರ ಜೂನಿನಲ್ಲಿ ಚಂಡಮಾರುತವೊಂದು ದೂರದ ಕಡಲಿನಲ್ಲೇ ಬಡಗು ದಿಕ್ಕಿಗೆ ಸಾಗುತ್ತಿತ್ತು. ಎಲ್ಲರಿಗೂ ಬೇಕಿದ್ದದ್ದು ಅದರ ಕಣ್ಣು, ಅಂದರೆ ನಡುಭಾಗ ಎಲ್ಲಿದೆ ಎಂಬುದು. ಠಾಣೆಯ ಅಧಿಕಾರಿ ಹಯಗ್ರೀವ ರಾಯರು ಫೋನಿನಲ್ಲಿ ಅದನ್ನೇ ಕೂಗಿ ಕೂಗಿ ಹೇಳುತ್ತಿದ್ದರು. ಕರಾವಳಿಗೆ ಅಪಾಯವಿಲ್ಲ ಎಂದು ಜಿಲ್ಲೆಯೆಲ್ಲ ಉಸಿರು ಬಿಟ್ಟಿತ್ತು. ಸಂಜೆ ನಾಲ್ಕೂ ಹತ್ತಕ್ಕೆ ಬಿರುಗಾಳಿಯ ಹೊರಸುತ್ತಿನ ಮಳೆಪಟ್ಟಿ ಕಾರ್ಕಳದ ಮೇಲಿತ್ತು. ಕೆಂಪು ಗೆರೆಯೊಳಗೆ ಒಂದು ಮಚ್ಚೆ ಹೆಚ್ಚು ಹೊಳೆಯಿತು. ಅದರ ತುದಿ ಮೀನಿನ ಗಾಳದ ಕೊಕ್ಕೆಯ ಹಾಗೆ ಬಾಗಿತ್ತು.

“ಕಂಡದ್ದು ಹೌದು. ಕಾಣಲಿಲ್ಲ ಅಂತ ನಾನು ಹೇಳುವುದಿಲ್ಲ. ಬಂಡೆ ಒದ್ದೆಯಾಗಿದೆ, ಅದಕ್ಕೆ ಹೊಳೀತದೆ ಅಂತ ಎಣಿಸಿದೆ. ನಾನೇ ಎಳೆದ ಗೆರೆ ಅಲ್ವಾ? ನಂಬಿದೆ,” ಎನ್ನುತ್ತಾರೆ ರಾಮದಾಸರು.

ನಾಲ್ಕೂ ಮೂವತ್ತೆರಡಕ್ಕೆ ಕಾರ್ಕಳದ ಬಳಿಯ ಕಲ್ಲುಕೋರೆಯ ಮೇಲೆ ಸುಂಟರಗಾಳಿ ಎರಗಿತು. ತಗಡಿನ ಸಾಲುಮನೆಗಳು ಹಾರಿಹೋದವು. ಒಂಬತ್ತು ಜನ ಸತ್ತರು. ದೊಡ್ಡ ಬಿರುಗಾಳಿಯ ಕಣ್ಣಿನಿಂದ ಎಷ್ಟೋ ದೂರದಲ್ಲಿ, ಅದರ ಹೊರಪಟ್ಟಿಯಲ್ಲಿ ಇಂಥ ಮರಿಸುಳಿಗಳು ಹುಟ್ಟುತ್ತವೆ, ರಾಡಾರಿನಲ್ಲಿ ಕೊಕ್ಕೆಯಾಗಿ ಕಾಣಬಹುದು ಎಂದು ತರಬೇತಿಯ ಪುಸ್ತಕದಲ್ಲಿ ಒಂದೇ ಒಂದು ಪುಟವಿತ್ತು. ನೂರಾರು ಮೈಲಿ ಆಚೆಗೆ ಕಣ್ಣು ನೆಟ್ಟಿದ್ದವರಿಗೆ ದೀಪದ ಬುಡದಲ್ಲೇ ಕತ್ತಲೆ.

ವರದಿಯಲ್ಲಿ ‘ಆಕಸ್ಮಿಕ ಗಾಳಿ’ ಎಂದಾಯಿತು. ಯಾರೂ ರಾಮದಾಸರನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಹಗುರವಾಗುತ್ತಿತ್ತೋ ಏನೋ. ವಾರದ ಬಳಿಕ ಮೋಡ ಸರಿದ ಬೆಳಗ್ಗೆ ಅವರು ಆ ಚಕ್ರ ತಿರುಗಿಸಿ ನೋಡಿದರು. ಆಂಟೆನಾ ಮೇಲಕ್ಕೆತ್ತಿದೊಡನೆ ಬಂಡೆಗಳೆಲ್ಲ ಪರದೆಯಿಂದ ಮಾಯವಾದವು. ಆ ದಿನ ಹೀಗೆ ಮಾಡಿದ್ದರೆ ಬಂಡೆ ಹೋಗಿ ಕೊಕ್ಕೆಯೊಂದೇ ಉಳಿಯುತ್ತಿತ್ತು.

“ಒಂದೂವರೆ ಸುತ್ತು. ಅಷ್ಟೇ ಉಂಟು,” ಎಂದು ಅವರು ಬೆರಳಿನಲ್ಲಿ ತಿರುಗಿಸಿ ತೋರಿಸುತ್ತಾರೆ.

ವರ್ಷ ತುಂಬುವ ಹೊತ್ತಿಗೆ ಅವರು ಬಸ್ಸು ಹತ್ತಿ ಕೋರೆಗೆ ಹೋದರು. ಬಂಡೆಗೆ ಸಿಡಿಮದ್ದು ಇಡುವ ಮೊದಲು ಸೀಟಿ ಊದಿ ಜನರನ್ನು ಕಲ್ಲಿನ ಮರೆಗೆ ಓಡಿಸುವ ಗಣಪ ಸಿಕ್ಕಿದ. ಸತ್ತವರಲ್ಲಿ ಅವನ ಹೆಂಡತಿ ಇದ್ದಳು, ಎರಡು ವರ್ಷದ ಮಗಳಿದ್ದಳು. ರಾಮದಾಸರು ನಿಂತಲ್ಲೇ ಎಲ್ಲವನ್ನೂ ಹೇಳಿದರು. ಗಣಪ ಕೊರಳಲ್ಲಿ ತೂಗುತ್ತಿದ್ದ ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

“ಇಪ್ಪತ್ತೆರಡು ನಿಮಿಷ ಇತ್ತಾ?” ಎಂದು ಕೇಳಿದ. “ನಾನು ಸೀಟಿ ಊದಿದ್ರೆ ಮೂರು ನಿಮಿಷ ಸಾಕು, ಎಲ್ಲರೂ ಮರೆಯಲ್ಲಿ ಇರ್ತಾರೆ. ನಿಮ್ಮನ್ನು ಕ್ಷಮಿಸ್ಲಿಕ್ಕೆ ನನ್ನಿಂದ ಆಗುವುದಿಲ್ಲ ಸಾರ್. ಆದ್ರೆ ಇನ್ನು ಕಂಡ್ರೆ ಫೋನ್ ಮಾಡಿ. ಸುಳ್ಳಾದ್ರೂ ಅಡ್ಡಿಯಿಲ್ಲ.”

ಕೋರೆಯ ಆಫೀಸಿಗೆ ಈಗ ಫೋನು ಬಂದಿದೆ. ಕಾಪುವಿನ ಎಕ್ಸ್‌ಚೇಂಜಿನಲ್ಲಿ ಕೂರುವ ಪ್ರೆಸಿಲ್ಲಾ ಬಾಯಿ, ಗುಡ್ಡದ ಕರೆ ಎಂದರೆ ಉಳಿದವರನ್ನು ಕಾಯಿಸಿ ಮೊದಲು ಲೈನ್ ಕೊಡುತ್ತಾರೆ. ಈ ಮೂರು ವರ್ಷಗಳಲ್ಲಿ ರಾಮದಾಸರಿಗೆ ಮೂರು ಸಲ ಕೊಕ್ಕೆಯಂಥದ್ದು ಕಂಡಿದೆ, ಮೂರು ಸಲವೂ ಫೋನ್ ಮಾಡಿದ್ದಾರೆ. ಮೂರೂ ಸುಳ್ಳು. ಒಮ್ಮೆ ಬರೀ ಮಳೆ, ಒಮ್ಮೆ ಎರಡು ತೆಂಗಿನಮರ ಬಿದ್ದವು, ಒಮ್ಮೆ ಅದೂ ಇಲ್ಲ. ಕೆಲಸ ಕೆಟ್ಟಿತೆಂದು ಕೋರೆಯ ಧಣಿ ದೂರು ಬರೆದ ಮೇಲೆ ರಾಮದಾಸರಿಗೆ ಮೇಲಿನಿಂದ ನೋಟೀಸು ಬಂದಿದೆ. ಇನ್ನೊಂದು ಸಲ ಹೀಗಾದರೆ ಗುಡ್ಡದಿಂದ ಇಳಿಸಿ ಕಡತದ ಕೋಣೆಗೆ ಹಾಕುತ್ತಾರಂತೆ. ಹಯಗ್ರೀವ ರಾಯರು ಕೆಟ್ಟವರಲ್ಲ, “ಕಣ್ಣು ನೋಡು ಸಾಕು ಮಾರಾಯ, ಉಳಿದದ್ದು ನಿನಗೆ ಯಾಕೆ?” ಎಂದು ಮೆಲ್ಲಗೆ ಬುದ್ಧಿ ಹೇಳುತ್ತಾರೆ.

ಎರಡನೆಯ ನೋಟ ಮುಗಿಯುತ್ತದೆ. ಕಾರ್ಕಳದ ಮೇಲೆ ಏನೂ ಇಲ್ಲ. ರಾಮದಾಸರು ಗಾಜು ಒರೆಸಿ ಕನ್ನಡಕ ಹಾಕಿಕೊಳ್ಳುತ್ತಾರೆ. ನಾಲ್ಕನೆಯ ಸಲ ಕಂಡರೆ ಏನು ಮಾಡುತ್ತೀರಿ ಎಂದರೆ ಫೋನಿನ ಕಡೆ ನೋಡುತ್ತಾರೆ.

“ಎಂತ ಮಾಡುವುದು? ಫೋನ್ ಮಾಡುವುದು. ಪ್ರತಿ ಸಲ ಗಾಳಿ ದಾಟಿದ ಮೇಲೆ ಗಣಪ ತಿರುಗಿ ಫೋನ್ ಮಾಡ್ತಾನೆ. ಬೇರೆ ಒಂದು ಮಾತಿಲ್ಲ. ‘ಮೂವತ್ತನಾಲ್ಕು ಜನ ಮರೆಯೊಳಗೆ ಹೋದ್ರು, ಮೂವತ್ತನಾಲ್ಕು ಜನ ಹೊರಗೆ ಬಂದ್ರು’ ಅಂತಾನೆ, ಇಡ್ತಾನೆ. ಆ ದಿನ ಮಾತ್ರ ನನಗೆ ಊಟ ಸೇರ್ತದೆ. ನಾಲ್ಕನೆಯದೂ ಸುಳ್ಳೇ ಆಗ್ಲಿ.”