ಕಾಂತಿಯಕ್ಕನ ಚೆಕ್ಕಿಂಗ್

ವಿಮೆ ಮಾರುವವನ ಮುಖ ಕಂಡರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ. ಅವರದ್ದೇನೂ ತಪ್ಪಲ್ಲ. ಹೊಸ್ತಿಲು ದಾಟುತ್ತಲೇ "ನೀವು ಸತ್ತರೆ" ಎಂದು ಮಾತು ಶುರುಮಾಡುವ ನೆಂಟ ಯಾರಿಗೆ ಬೇಕು? ಬಂಟ್ವಾಳದ ಸುತ್ತಮುತ್ತ ನನ್ನ ಹಳೆ ಬೈಕಿನ ಸದ್ದು ಕೇಳಿದರೆ ಸಾಕು, ಗಂಡಸರಿಗೆ ಹಿತ್ತಲಲ್ಲಿ ಏನೋ ಕೆಲಸ ನೆನಪಾಗುತ್ತದೆ. ಅಂಥ ನನ್ನನ್ನು ತಾವಾಗಿಯೇ ಫೋನು ಮಾಡಿ ಕರೆಸಿಕೊಂಡವರು ಪಾಣೆಮಂಗಳೂರಿನ ಕಾಂತಿಯಕ್ಕ ಒಬ್ಬರೇ.

ಕಾಂತಿಯಕ್ಕ ಬೀಡಿ ಕಟ್ಟುವವರು. ಪ್ರಾಯ ಐವತ್ತರ ಹತ್ತಿರ, ಮದುವೆ ಆಗಿಲ್ಲ. ಮನೆಯಲ್ಲಿ ಅವರು ಮತ್ತು ತಂಗಿ ವಿಜೇತಾ. ವಿಜೇತಾಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಅಕ್ಕ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಮಾಡಿ ಕೊಡುತ್ತಾರೆ. ತಂಗಿ ಅದಕ್ಕೆ ನೂಲು ಸುತ್ತುತ್ತಾಳೆ. ಒಬ್ಬಳ ಬೆರಳಿನಿಂದ ಇನ್ನೊಬ್ಬಳ ಬೆರಳಿಗೆ ಬೀಡಿ ದಾಟುವಾಗ ಒಂದು ಸಲವೂ ಕೆಳಗೆ ಬೀಳುವುದಿಲ್ಲ. ಮೊದಲ ದಿನ ಜಗಲಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ ನನಗೆ ಕೈಯಲ್ಲಿದ್ದ ಚಹಾ ತಣ್ಣಗಾದದ್ದು ಗೊತ್ತಾಗಲಿಲ್ಲ.

"ನಾನು ಹೋದ ಮೇಲೆ ಇವಳಿಗೆ ಯಾರು ಉಂಟು ದಯಾನಂದಣ್ಣ?" ಎಂದು ಕೇಳಿದರು ಕಾಂತಿಯಕ್ಕ.

ನಾನು ಎರಡು ದಾರಿ ಹೇಳಿದೆ. ಒಂದು ಸಣ್ಣ ಪಾಲಿಸಿ. ಡಾಕ್ಟರ ಪರೀಕ್ಷೆ ಬೇಡ. ನನಗೆ ಕೆಮ್ಮಿಲ್ಲ ದಮ್ಮಿಲ್ಲ ಎಂದು ಒಪ್ಪಿ ಸಹಿ ಹಾಕಿದರೆ ಮುಗಿಯಿತು. ಇನ್ನೊಂದು ದೊಡ್ಡದು, ವಿಜೇತಾ ಬದುಕಿರುವಷ್ಟು ಕಾಲ ಯಾರ ಮುಂದೆಯೂ ಕೈಯೊಡ್ಡದ ಹಾಗೆ ನೋಡಿಕೊಳ್ಳುವಂಥದ್ದು. ಅದಕ್ಕೆ ರಕ್ತ, ಮೂತ್ರ, ಇಸಿಜಿ, ಎದೆಯ ಎಕ್ಸ್‌ರೇ ಎಲ್ಲ ಆಗಬೇಕು. ಏನಾದರೂ ಸಿಕ್ಕಿಬಿದ್ದರೆ ಅರ್ಜಿ ವಾಪಸ್. ಆಮೇಲೆ ಸಣ್ಣದು ಸಿಗುವುದೂ ಕಷ್ಟ.

"ಇರಲಾರದೆ ಇರುವೆ ಬಿಟ್ಟುಕೊಳ್ಳುವುದು ಯಾಕೆ ಅಕ್ಕ? ಸಣ್ಣದೇ ಮಾಡುವ," ಎಂದೆ. ಅವರು ಉತ್ತರ ಕೊಡುವ ಮೊದಲು ಕೆಮ್ಮಿದರು.

ಆ ಕೆಮ್ಮು ಆ ಮನೆಗೆ ಹೊಸದಲ್ಲ. ಅವರ ಅಮ್ಮ ಇದೇ ಜಗಲಿಯಲ್ಲಿ ಬೀಡಿ ಕಟ್ಟುತ್ತ, ಕೆಮ್ಮುತ್ತ ಕೆಮ್ಮುತ್ತಲೇ ಹೋದವರು. ಯಾವ ಕಾಯಿಲೆ ಎಂದು ಯಾರೂ ನೋಡಿರಲಿಲ್ಲ. ವಿಜೇತಾ ನೂಲು ಸುತ್ತುವುದನ್ನು ನಿಲ್ಲಿಸಿದಳು.

"ಪರೀಕ್ಷೆ ಬೇಡ ಅಕ್ಕ. ನಿನಗೂ ಅಮ್ಮನದ್ದೇ ಅಂತ ಡಾಕ್ಟ್ರು ಹೇಳಿದ್ರೆ ನಾನು ಏನು ಮಾಡ್ಲಿ? ನನಗೆ ದುಡ್ಡೂ ಬೇಡ, ಎಂಥದೂ ಬೇಡ."

ಆ ದಿನ ಮಾತು ಅಲ್ಲಿಗೇ ನಿಂತಿತು. ವಾರ ಕಳೆದು ಕಾಂತಿಯಕ್ಕನೇ ನನ್ನನ್ನು ಬೀಡಿ ಬ್ರ್ಯಾಂಚಿಗೆ ಬರಹೇಳಿದರು. ಕಟ್ಟಿದ ಬೀಡಿಯನ್ನು ಹೆಂಗಸರು ತಂದೊಪ್ಪಿಸುವ ಜಾಗ ಅದು. ಚೆಕ್ಕರ್ ಒಬ್ಬ ಕೂತು ಒಂದೊಂದೇ ಕಟ್ಟು ಎತ್ತುತ್ತಾನೆ, ಅಮುಕಿ ನೋಡುತ್ತಾನೆ, ಸಡಿಲಾದದ್ದನ್ನು ಎಳೆದು ಆಚೆ ಬಿಸಾಡುತ್ತಾನೆ. ಬಿಸಾಡಿದಾಗಲೆಲ್ಲ ನಿಂತ ಹೆಂಗಸಿನ ಮುಖ ಸಣ್ಣದಾಗುತ್ತದೆ.

"ನೋಡಿದ್ರಾ?" ಎಂದರು ಕಾಂತಿಯಕ್ಕ. "ಚೆಕ್ ಆಗುವವರೆಗೆ ಬೀಡಿ ನನ್ನ ತಲೆ ಮೇಲೆ. ಚೆಕ್ ಆದ ಮೇಲೆ ಕಂಪೆನಿಯ ತಲೆ ಮೇಲೆ. ಈಗ ಕೆಮ್ಮಿಲ್ಲ ಅಂತ ನಾನು ಸಹಿ ಹಾಕಿದೆ ಅಂತಿಟ್ಟುಕೊಳ್ಳಿ. ನಾನು ಸತ್ತ ಮೇಲೆ ವಿಮೆಯವರು ಚೆಕ್ ಮಾಡ್ಲಿಕ್ಕೆ ಬರ್ತಾರೆ. ಆಗ ಉತ್ತರ ಹೇಳ್ಲಿಕ್ಕೆ ವಿಜೇತಾ ಒಬ್ಬಳೇ. ನಾನು ಇರುವಾಗಲೇ ಚೆಕ್ ಮಾಡ್ಲಿ ಮಾರಾಯ್ರೆ. ಬಿಸಾಡುವುದಾದ್ರೆ ನನ್ನೆದುರೇ ಬಿಸಾಡ್ಲಿ."

ಸಾವಿನ ಮಾತನ್ನೇ ಹೊಟ್ಟೆಪಾಡು ಮಾಡಿಕೊಂಡ ಮನುಷ್ಯ ನಾನು. ಆದರೆ ಸ್ವಂತ ಸಾವನ್ನು ಹೀಗೆ ಅಂಗೈಯಲ್ಲಿಟ್ಟು ಅಮುಕಿ ನೋಡುವವರನ್ನು ಕಂಡದ್ದು ಅದೇ ಮೊದಲು. ಬೇಡ ಎನ್ನುವ ಧೈರ್ಯ ನನಗೆ ಬರಲಿಲ್ಲ.

ಬಿ.ಸಿ. ರೋಡಿನ ಕ್ಲಿನಿಕ್ಕಿಗೆ ಇಬ್ಬರೂ ಬಂದರು. ಕಾಂತಿಯಕ್ಕ ಮದುವೆಮನೆಗೆ ಉಡುವ ಸೀರೆ ಉಟ್ಟಿದ್ದರು. ಬೇಡ ಬೇಡ ಎನ್ನುತ್ತಲೇ ಜೊತೆಗೆ ಬಂದ ವಿಜೇತಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಡಾಕ್ಟರ್ ಸಬೀಹಾ ಚುರುಕಿನ ಹೆಂಗಸು, ಮಾತೂ ಚುರುಕು. ಇಸಿಜಿ ಮುಗಿಸಿ ಗೆರೆಗೆರೆಯ ಕಾಗದ ಹೊರಬಂದಾಗ ಕಾಂತಿಯಕ್ಕ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇಷ್ಟೂ ನನ್ನದೇಯಾ?"

"ನಿಮ್ಮ ಹೃದಯದ್ದು."

"ನಾನು ಮಲಗಿದಾಗಲೂ ಇದು ಕೆಲಸ ಮಾಡ್ತಾ ಇರ್ತದಾ? ಒಂದು ದಿನವೂ ರಜೆ ಇಲ್ಲದೆ?"

"ರಜೆ ಹಾಕಿದ್ರೆ ನನಗೂ ನಿಮಗೂ ಕಷ್ಟ," ಎಂದು ಡಾಕ್ಟರ್ ನಕ್ಕರು.

ಕಾಂತಿಯಕ್ಕ ನಗಲಿಲ್ಲ. "ನಾನು ಒಮ್ಮೆಯೂ ವಿಚಾರಿಸಲಿಲ್ಲವಲ್ಲ ಇದನ್ನು," ಎಂದು ಕಾಗದಕ್ಕೇ ಹೇಳಿದರು.

ಮೂಲೆಯಲ್ಲಿ ಮುದುಡಿ ಕೂತ ವಿಜೇತಾಳನ್ನು ಡಾಕ್ಟರ್ ನೋಡಿದರು. ಏನನ್ನಿಸಿತೋ, ಅವಳನ್ನು ಕರೆದು ಸ್ಟೆತಸ್ಕೋಪನ್ನು ಅವಳ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಅಕ್ಕನ ಎದೆಯ ಮೇಲೆ ಹಿಡಿದರು. ವಿಜೇತಾ ಉಸಿರು ಬಿಗಿಹಿಡಿದು ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಬೆರಳುಗಳು ಗಾಳಿಯಲ್ಲೇ ನೂಲು ಸುತ್ತತೊಡಗಿದವು, ಒಳಗಿನ ಬಡಿತಕ್ಕೆ ಸರಿಯಾಗಿ.

"ಅಕ್ಕಾ, ನಿನ್ನೊಳಗೆ ಯಾರೋ ಕೂತು ಕೆಲಸ ಮಾಡ್ತಾ ಇದ್ದಾರೆ!"

ಡಾಕ್ಟರ್ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಕಿಟಕಿಯ ಹೊರಗೆ ಬಸ್ಸು ನೋಡುವವನ ಹಾಗೆ ನಿಂತೆ. ನನ್ನ ಕಣ್ಣೂ ತುಂಬಿತ್ತು, ಸುಳ್ಳು ಯಾಕೆ ಹೇಳಲಿ.

ಫಲಿತಾಂಶ ಬಂತು. ಹೃದಯ ಸರಿ ಇತ್ತು. ಶ್ವಾಸಕೋಶದಲ್ಲಿ ಅಮ್ಮನ ಕಾಯಿಲೆಯೆಂದು ಹೆದರಿದ ಯಾವುದೂ ಇರಲಿಲ್ಲ. ಧೂಳಿನ ಕೆಮ್ಮು, ಮದ್ದು ಉಂಟು, ಮೂಗಿಗೆ ಬಟ್ಟೆ ಕಟ್ಟಬೇಕು ಎಂದರು ಡಾಕ್ಟರ್. ಆದರೆ ಮೂತ್ರದಲ್ಲಿ ತಂಬಾಕಿನ ಅಂಶ ಸಿಕ್ಕಿತ್ತು. ಧೂಮಪಾನಿ ಎಂದು ಬರೆದು, ಕಂತು ಹೆಚ್ಚಿಸಿ ಕಳಿಸಿತ್ತು ಕಂಪೆನಿ. ಹುಟ್ಟಿದಾರಭ್ಯ ಒಂದು ಬೀಡಿ ಬಾಯಿಗಿಡದ ಹೆಂಗಸು! ನನಗೆ ಮೈಯೆಲ್ಲ ಉರಿಯಿತು. ಡಾಕ್ಟರಿಗೆ ಆಶ್ಚರ್ಯವೇ ಆಗಲಿಲ್ಲ. ಇಷ್ಟು ವರ್ಷ ಹೊಗೆಸೊಪ್ಪು ಮುಟ್ಟಿದವರ ಅಂಗೈಯಿಂದ, ಉಸಿರಿನಿಂದ ಅದು ಒಳಗೆ ಇಳಿಯುತ್ತದೆ ಎಂದರು.

ಕಾಂತಿಯಕ್ಕ ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿದರು, ಹೊಸತಾಗಿ ಪರಿಚಯವಾದವರನ್ನು ನೋಡುವ ಹಾಗೆ.

"ನೀವು ಸೇದದ ಬೀಡಿಗೆ ನೀವ್ಯಾಕೆ ಹೆಚ್ಚು ಕಟ್ಟುವುದು? ಜಗಳ ಮಾಡುವ," ಎಂದೆ ನಾನು.

"ಬಿಸಾಡಲಿಲ್ಲ ಅಲ್ಲ ದಯಾನಂದಣ್ಣ, ತಗೊಂಡ್ರಲ್ಲ. ಅಷ್ಟು ಸಾಕು. ಸೇದುವವಳು ಅಂತ ಮಾತ್ರ ಬರೆಯುವುದು ಬೇಡ. ಕಟ್ಟುವವಳು ಅಂತ ಬರೀಲಿ."

ಡಾಕ್ಟರ್ ಹಾಗೆಯೇ ಬರೆದುಕೊಟ್ಟರು. ಕಂತು ಇಳಿಯಲಿಲ್ಲ, ಆದರೆ ಆ ಮಾತು ಕಡತಕ್ಕೆ ಸೇರಿತು.

ಪಾಲಿಸಿ ಕೊಡಲು ನಾನು ಹೋದಾಗ ಕಾಂತಿಯಕ್ಕನ ಮೂಗಿಗೂ ವಿಜೇತಾಳ ಮೂಗಿಗೂ ಬಟ್ಟೆ ಇತ್ತು. "ಇದು ನಿನ್ನದು, ಜಾಗ್ರತೆ," ಎಂದು ಅಕ್ಕ ಲಕೋಟೆಯನ್ನು ತಂಗಿಯ ಮಡಿಲಿಗಿಟ್ಟರು. ವಿಜೇತಾ ಅದನ್ನು ಪಕ್ಕಕ್ಕೆ ಸರಿಸಿದಳು. ತಡಕುತ್ತ ಅಕ್ಕನ ಹಿಂದೆ ಬಂದು ಬೆನ್ನಿಗೆ ಕಿವಿ ಒತ್ತಿದಳು.

"ಎಂಥದು ಇದು? ಕೆಲಸ ಬಿಟ್ಟು?" ಎಂದರು ಕಾಂತಿಯಕ್ಕ.

"ಚೆಕ್ಕಿಂಗ್. ಇನ್ನು ದಿನಾ ಉಂಟು. ಸುಮ್ಮನೆ ಕೂತುಕೋ."

ಎಂದೂ ನಿಲ್ಲದ ಅಕ್ಕನ ಬೆರಳುಗಳು ಬೀಡಿಯೆಲೆಯ ಮೊರದ ಮೇಲೆ ನಿಂತವು. ಕಾಂತಿಯಕ್ಕ ಶಾಲೆಯ ಹುಡುಗಿಯಂತೆ ನೆಟ್ಟಗೆ ಕೂತರು. ನಾನು ಹೇಳದೆ ಅಂಗಳಕ್ಕಿಳಿದೆ. ಬೈಕು ಶುರುಮಾಡಿದರೆ ಅವಳಿಗೆ ಆ ಬಡಿತ ಕೇಳಿಸದೆ ಹೋದೀತೆಂದು ರಸ್ತೆಯವರೆಗೆ ತಳ್ಳಿಕೊಂಡೇ ಹೋದೆ.