ಹಗ್ಗ ಬಿಚ್ಚಿದ ಮೇಲೆ

"ಅಮ್ಮ, ಕದಿರೇಶ ಮಾಮ ನಮ್ಮನ್ನ ಇಳಿಸೋ ಮುಂಚೆ ವ್ಯಾನ್ ಕೆಳಗೆ ಯಾಕೆ ಬಗ್ಗಿ ನೋಡ್ತಾರೆ? ಅಲ್ಲಿ ನೀರಿದೆಯಾ?"

ಶೂ ಬಿಚ್ಚುತ್ತಾ ಮೇಘನ ಕೇಳಿದಳು. ನಾನು ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದೆ. "ಚಕ್ರದ ಹತ್ತಿರ ನಾಯಿಮರಿ ಮಲಗಿರತ್ತಲ್ಲ, ಅದಕ್ಕೆ" ಎಂದು ಬಾಯಿಗೆ ಬಂದದ್ದನ್ನು ಹೇಳಿ ಮುಗಿಸಿದೆ. ಆಮೇಲೆ ನನಗೇ ಅನ್ನಿಸಿತು, ಅವನು ಚಕ್ರದ ಕಡೆ ನೋಡುವುದೇ ಇಲ್ಲ. ಶಾಲೆಯ ವ್ಯಾನು ಪೂರ್ತಿ ನಿಂತು, ಇಂಜಿನ್ ಆಫ್ ಆದ ಮೇಲೆ ಮೊದಲು ತಾನು ಇಳಿಯುತ್ತಾನೆ. ಮೆಟ್ಟಿಲಿಗೂ ರಸ್ತೆಗೂ ನಡುವಿನ ಸಂದಿಯನ್ನು ಬಗ್ಗಿ ನೋಡಿ, ಅಲ್ಲಿ ಒಂದು ಕಾಲು ಅಡ್ಡವಿಟ್ಟು, ಒಂದೊಂದೇ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಡುತ್ತಾನೆ. ಅಷ್ಟರಲ್ಲಿ ಬೇರೆ ಶಾಲೆಯ ವ್ಯಾನುಗಳು ಬಂದು, ಮಕ್ಕಳನ್ನು ಉದುರಿಸಿ, ಹೊರಟೂ ಹೋಗಿರುತ್ತವೆ.

"ಏನ್ ಕದಿರಣ್ಣ, ಮಕ್ಕಳನ್ನ ಇಳಿಸ್ತೀಯೋ, ಮೊಟ್ಟೆ ಇಳಿಸ್ತೀಯೋ?" ಎಂದು ಎದುರುಮನೆಯ ಮುನಿಲಕ್ಷ್ಮಿ ದಿನಾ ಕಾಲೆಳೆಯುತ್ತಾಳೆ. ಅವನು ನಗುವುದಿಲ್ಲ, ಸಿಟ್ಟೂ ಮಾಡಿಕೊಳ್ಳುವುದಿಲ್ಲ.

ಕದಿರೇಶನನ್ನು ನಮ್ಮ ಶ್ರೀನಿವಾಸಪುರದಲ್ಲಿ ಎಲ್ಲರೂ ಬಲ್ಲರು. ಕೋಲಾರಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಅವನು ಕಂಡಕ್ಟರ್ ಆಗಿದ್ದಾಗ ನಾನು ಕಾಲೇಜಿಗೆ ಅದರಲ್ಲೇ ಹೋಗುತ್ತಿದ್ದೆ. ಬಾಗಿಲಿಗೆ ಜೋತುಬಿದ್ದು, ಓಡಿಬರುವವರಿಗೆ ಕೈ ಚಾಚಿ, "ರಾ ಅಕ್ಕ, ಕಾಲೆತ್ತು, ಕಾಲೆತ್ತು" ಎಂದು ನಮ್ಮ ಕಡೆಯ ತೆಲುಗು ಬೆರೆತ ಮಾತಿನಲ್ಲಿ ಕೂಗಿ ಒಳಗೆಳೆದುಕೊಳ್ಳುತ್ತಿದ್ದ. ಬಸ್ಸು ನಿಂತದ್ದೇ ಇಲ್ಲ, ಹತ್ತದೆ ಉಳಿದವರೂ ಇಲ್ಲ. ರಸ್ತೆಯಲ್ಲಿ ಒಬ್ಬರನ್ನೂ ಬಿಟ್ಟು ಬರಬಾರದು ಎನ್ನುವುದು ಅವನ ಹಟ. ನಮಗೂ ಅದು ಇಷ್ಟವಾಗಿತ್ತು. ಎಷ್ಟು ಸಲ ಆ ಕೈ ಹಿಡಿದು ನಾನೂ ಹಾರಿದ್ದೇನೆ.

ಕೊರೋನಾ ಬಂದು ಬಸ್ಸು ಶೆಡ್ಡು ಸೇರಿತು. ಮರುವರ್ಷದ ಸುಗ್ಗಿಯಲ್ಲಿ ಅವನು ಮಾವಿನ ಲೋಡಿನ ಜೊತೆ ಕೇರಳಕ್ಕೆ ಹೋದವನು ಅಲ್ಲಿನ ಒಂದು ಬಂದರು ಪಟ್ಟಣದಲ್ಲೇ ನಿಂತುಬಿಟ್ಟ. ಭಾಷೆ ಕಲಿತ, ತರಬೇತಿ ಮಾಡಿಕೊಂಡ, ಜನರನ್ನು ಸಾಗಿಸುವ ಬೋಟಿನಲ್ಲಿ ಕೆಲಸಕ್ಕೆ ಸೇರಿದ. ಆ ಊರಿನ ಸುತ್ತ ದ್ವೀಪಗಳಿವೆಯಂತೆ. ನಮಗೆ ಬಸ್ಸು ಹೇಗೋ ಅಲ್ಲಿನವರಿಗೆ ಬೋಟು ಹಾಗೆ. ನರ್ಸುಗಳು, ಆಫೀಸಿನವರು, ಶಾಲೆಯ ಮಕ್ಕಳು, ಮೀನು ಮಾರುವ ಹೆಂಗಸರು ಎಲ್ಲರೂ ಕಾರ್ಡು ಮುಟ್ಟಿಸಿ ಗೇಟು ದಾಟುತ್ತಾರೆ. ಅದೇ ಕಾರ್ಡಿನಲ್ಲಿ ರೈಲೂ ಹತ್ತಬಹುದು, ಬಸ್ಸೂ ಹತ್ತಬಹುದು. ಬೋಟು ಓಡುವುದು ಬ್ಯಾಟರಿಯಲ್ಲಿ, ಒಳಗೆ ಎ.ಸಿ., ಸೀಟಿನ ಕೆಳಗೆ ತೇಲುವ ಜಾಕೆಟ್ಟು. ಸೀಟು ತುಂಬಿತೆಂದರೆ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆ. ಇದನ್ನೆಲ್ಲ ಅವನು ವ್ಯಾನಿನ ಮಕ್ಕಳಿಗೆ ಹೇಳಿದ್ದಾನೆ, ಮಕ್ಕಳು ನಮಗೆ ಹೇಳಿದ್ದಾರೆ. ಅದನ್ನು ಬಿಟ್ಟು ಊರಿಗೆ ಬಂದು ಶಾಲೆಯ ವ್ಯಾನು ಸೇರಿದ್ದು ಯಾಕೆ ಎಂದರೆ ಮಾತ್ರ "ಉಪ್ಪುಗಾಳಿ ಆಗಲಿಲ್ಲ" ಎನ್ನುತ್ತಾನೆ.

ಕಳೆದ ಬುಧವಾರ ಮಧ್ಯಾಹ್ನ ವ್ಯಾನು ಬಂತು. ಅವನು ಎಂದಿನಂತೆ ಇಳಿದು, ಬಗ್ಗಿ ನೋಡಿ, ಮೇಘನಳನ್ನು ಎತ್ತಿಕೊಂಡಿದ್ದ. ಮಾವಿನ ಮಂಡಿಯ ಕಡೆಯಿಂದ ಒಬ್ಬ ವಯಸ್ಸಾದ ಹೆಂಗಸು ಕೋಲೂರಿಕೊಂಡು ಬರುತ್ತಿದ್ದರು. ಹಿಂದೆ ಮಾವಿನ ಬುಟ್ಟಿ ಹೊತ್ತ ಸೊಸೆ. ಮುದುಕಿಯ ಬಲಗಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಪಾದ ಒಳಕ್ಕೆ ತಿರುಚಿಕೊಂಡಿತ್ತು. ಅವರು ನಿಂತರು, ಕಣ್ಣು ಕಿರಿದು ಮಾಡಿ ನೋಡಿದರು.

"ಏಂ ನಾಯನಾ, ಗುರ್ತು ಸಿಗ್ಲಿಲ್ವಾ? ನಾನು ವೆಂಕಟರತ್ನಮ್ಮ. ದೇವರಾಯಸಮುದ್ರದೋಳು."

ಕದಿರೇಶ ಮಗುವನ್ನು ಕೆಳಗಿಡುವುದನ್ನೇ ಮರೆತ.

"ನೋಡ್ರಮ್ಮಾ, ನನ್ನ ಸಮುದ್ರದಿಂದ ಎತ್ಕೊಂಡು ಬಂದೋನು ಇವ್ನೇ" ಎಂದು ಆಕೆ ನಮ್ಮ ಕಡೆ ತಿರುಗಿದರು. "ಗುರುವಾಯೂರು ನೋಡ್ಕೊಂಡು ನಾವೆಲ್ಲ ಇವ್ನಿದ್ದ ಬಂದರಿನ ಊರಿಗೆ ಹೋಗಿದ್ವಿ. ನಮ್ಮೋರು ಬೋಟ್ ಹತ್ತಿದ್ರು. ನಾನು ಮಾತ್ರ ಹಿಂದೆ. ಗಂಗಮ್ಮನ್ನ ಕಣ್ಣಿಗೊತ್ಕೊಳ್ದೆ ಹೆಂಗಮ್ಮಾ ದಾಟೋದು? ಬಗ್ಗಿ ಒಂದ್ ಬೊಗಸೆ ನೀರು ತಲೆಗೆ ಹಾಕ್ಕೊಂಡೆ. ಏಳೋ ಹೊತ್ತಿಗೆ ಬೋಟ್ ಹೊರಟಿತ್ತು. ಆವಾಗ ನಮ್ಮೂರ ಮಾತು ಕೇಳಿಸ್ತು. 'ರಾ ಅಕ್ಕ, ಕಾಲೆತ್ತು.' ಎತ್ತಿದೆ. ಕಾಲು ಸಂದಿಗೆ ಹೋಯ್ತು. ಆಮೇಲೆ ಈ ನನ್ನಪ್ಪ ನೀರಿಗೆ ಹಾರಿ ಎತ್ಕೊಂಡ."

"ಅಬ್ಬಾ ಕದಿರಣ್ಣ, ಇಷ್ಟ್ ದಿನ ಬಾಯೇ ಬಿಟ್ಟಿಲ್ವಲ್ಲೋ" ಎಂದಳು ಮುನಿಲಕ್ಷ್ಮಿ. ಇಬ್ಬರು ಮೂವರು ತಾಯಂದಿರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಮೇಲೆ ಅವನ ಮುಖ ನೋಡಿದೆ. ಊಟದ ಪಂಕ್ತಿಯಿಂದ ಎಲ್ಲರೆದುರು ಎಬ್ಬಿಸಿದರೆ ಒಬ್ಬನ ಮುಖ ಹೇಗಾಗುತ್ತದೋ ಹಾಗಿತ್ತು. ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಯಿತು.

"ಭಾನುವಾರ ನಮ್ಮ ಕೆರೆ ಕೋಡೀಲಿ ಗಂಗಮ್ಮನ ಪೂಜೆ" ಎಂದರು ವೆಂಕಟರತ್ನಮ್ಮ. "ಬಾ. ನನ್ ಮಕ್ಕಳು ನಿನಗೆ ಶಾಲು ಹೊದಿಸ್ಬೇಕು ಅಂತ ಎಷ್ಟ್ ದಿನದಿಂದ ಹುಡುಕ್ತಾವ್ರೆ. ಬರ್ಲಿಲ್ಲ ಅಂದ್ರೆ ಇದೇ ಕೋಲು ತಗೊಂಡ್ ಬರ್ತೀನಿ ನೋಡು."

ಅವನ ತೋಳಿನಲ್ಲಿದ್ದ ಮೇಘನ ಅಷ್ಟು ಜನರ ಮಧ್ಯೆ ಕೇಳಿಯೇಬಿಟ್ಟಳು. "ಮಾಮ, ಅದಕ್ಕೇನಾ ನೀವು ಕೆಳಗೆ ನೋಡೋದು?"

ಅವನು ಮಗುವನ್ನು ನನ್ನ ಕೈಗೆ ಕೊಟ್ಟು ವ್ಯಾನು ಹತ್ತಿದ.

ಸಂಜೆ ನಮ್ಮ ಮನೆಗೆ ಬಂದ. ನಮ್ಮವರು ನರಸಾಪುರದ ಕಂಪನಿಯಲ್ಲಿ ಎರಡನೇ ಶಿಫ್ಟು. ಒಳಗೆ ಬಾ ಎಂದರೂ ಬರದೆ ಜಗಲಿಯ ಅಂಚಿನಲ್ಲಿ ಕುಳಿತ. ಟೀ ಕೊಟ್ಟೆ. ಲೋಟ ಹಿಡಿದುಕೊಂಡೇ ಇದ್ದ.

"ಮಗು ಕೇಳಿದ್ದಕ್ಕೆ ಉತ್ತರ ಕೊಡ್ಲಿಲ್ಲ ಅಮ್ಮ. ಅದಕ್ಕೆ ಬಂದೆ."

"ಅವಳು ಮರೆತು ಆಟಕ್ಕೆ ಹೋದಳು, ಬಿಡಣ್ಣ."

"ನಾನು ಮರೆತಿಲ್ಲ. ಅಲ್ಲಿ ನನ್ ಕೆಲಸ ಬೋಟ್ ಓಡಿಸೋದಲ್ಲ. ಹಗ್ಗದ ಕೆಲಸ. ಬೋಟ್ ಬಂದಾಗ ಕಟ್ಟೋದು, ಹೊರಡುವಾಗ ಬಿಚ್ಚೋದು. ಹಗ್ಗ ಬಿಚ್ಚಿದ ಮೇಲೆ ದೇವರು ಬಂದ್ರೂ ಹತ್ತಿಸ್ಕೋಬಾರ್ದು. ಮೊದಲನೇ ದಿನ ಕಲಿಸಿದ್ದೇ ಅದು. ಇನ್ನೊಂದು ಬೋಟ್ ಹಿಂದೇನೇ ಬರತ್ತೆ. ಅವತ್ತು ನಾನು ಹಗ್ಗ ಬಿಚ್ಚಾಗಿತ್ತು. ಆದ್ರೆ ನಮ್ಮ ಕಡೆ ಮಾತು ಕಿವಿಗೆ ಬಿದ್ದು ಎಷ್ಟೋ ತಿಂಗಳಾಗಿತ್ತಮ್ಮ. ಒಳಗಿದ್ದೋರು 'ಅತ್ತೇ, ಬೇಗ ಬಾ' ಅಂತ ಕೂಗ್ತಿದ್ರು. ನಂಗೆ ಅದು ಬೋಟ್ ಅನ್ನೋದೇ ಮರೆತೋಯ್ತು. ಕೋಲಾರದ ಬಸ್ಸು ಅನ್ನೋ ಹಂಗೆ ಕೈ ಚಾಚಿಬಿಟ್ಟೆ."

ಬಸ್ಸು ಮುಂದಕ್ಕೆ ಮಾತ್ರ ಹೋಗುತ್ತದೆ. ಬೋಟು ಹಾಗಲ್ಲ, ಅಲೆಗೆ ಪಕ್ಕಕ್ಕೂ ಸರಿಯುತ್ತದೆ, ಮತ್ತೆ ವಾಪಸು ಬಂದು ಕಟ್ಟೆಗೆ ಒತ್ತುತ್ತದೆ. ವೆಂಕಟರತ್ನಮ್ಮನ ಪಾದ ಆ ಸಂದಿಯಲ್ಲಿತ್ತು.

"ಬೇಕು ಅಂತ ಮಾಡಿದ್ದಲ್ಲವಲ್ಲ ಕದಿರಣ್ಣ" ಎಂದೆ.

"ಕರೆದಿದ್ದು ಬೇಕು ಅಂತ ಅಲ್ಲ. ಆಮೇಲಿಂದು ಬೇಕು ಅಂತಲೇ." ಲೋಟವನ್ನು ಕೆಳಗಿಟ್ಟ. "ಆಸ್ಪತ್ರೆಗೆ ಬೋಟಿನ ಆಫೀಸರ್ ಬಂದ್ರು. ಆ ಅಮ್ಮನಿಗೆ ಮಲಯಾಳಂ ಬರಲ್ಲ, ಆಫೀಸರಿಗೆ ನಮ್ಮ ಮಾತು ಬರಲ್ಲ. ಮಧ್ಯೆ ನಿಂತು ಹೇಳೋಕೆ ನನ್ನೇ ಕರೆದ್ರು. ಅಮ್ಮ ಇದ್ದಿದ್ದು ಇದ್ದಂಗೆ ಹೇಳಿದ್ರು, 'ಈ ಹುಡುಗ ಕರೆದ, ಬಂದೆ' ಅಂತ. ಎಷ್ಟು ಪ್ರೀತಿಯಿಂದ ಹೇಳಿದ್ರು ಗೊತ್ತಾ. ನಾನು ಮಲಯಾಳಂನಲ್ಲಿ ಹೇಳ್ದೆ, 'ಯಾರೂ ಕರೀಲಿಲ್ಲ, ನಾನಾಗೇ ಬೋಟಿಗೆ ಹಾರಿದೆ ಅಂತಾವ್ರೆ.' ಆಫೀಸರ್ ಅಮ್ಮನ ಮುಖ ನೋಡಿ ಹೌದಾ ಅನ್ನೋ ಹಂಗೆ ತಲೆ ಆಡಿಸಿದ್ರು. ಅಮ್ಮಾನೂ ತಲೆ ಆಡಿಸಿದ್ರು. ನನ್ ಮೇಲೆ ನಂಬಿಕೆ ಇಟ್ಟು."

ಗೇಟಿನಾಚೆ ಮೇಘನ ಕುಂಟಾಬಿಲ್ಲೆ ಆಡುತ್ತಿದ್ದಳು. ಒಂದೇ ಕಾಲಲ್ಲಿ ಹಾರುವ ಮಗುವನ್ನು ಅವನು ನೋಡಲಾರದೆ ಮುಖ ಬೇರೆ ಕಡೆ ಮಾಡಿಕೊಂಡ.

ನನಗೆ ಸಮಾಧಾನ ಹೇಳಲು ಬರುವುದಿಲ್ಲ, ಲೆಕ್ಕಕ್ಕೆ ಸಿಗುವ ಮಾತೇ ಬಾಯಿಗೆ ಬರುವುದು. "ಅವರಿಗೆ ಬೋಟಿನವರಿಂದ ಆಸ್ಪತ್ರೆ ಖರ್ಚು ಸಿಕ್ತಾ?" ಎಂದು ಕೇಳಿದೆ.

"ತಾನೇ ಹಾರಿದೋರಿಗೆ ಏನೂ ಇಲ್ಲ. ಇನ್ನೊಂದು ಆಪರೇಷನ್ ಆಗಿದ್ರೆ ಪಾದ ನೇರ ಆಗ್ತಿತ್ತಂತೆ. ದುಡ್ಡಿಲ್ಲ ಅಂತ ಅವರ ಮಕ್ಕಳು ಊರಿಗೆ ಕರ್ಕೊಂಡು ಬಂದ್ರು. ನಂಗೆ ಮಾತ್ರ ಬೋಟ್ ನಿಲ್ಲೋ ಜೆಟ್ಟೀಲಿ ಎಲ್ಲರ ಮುಂದೆ ಹಾರ ಹಾಕಿದ್ರು, ನೀರಿಗೆ ಹಾರಿದ್ದಕ್ಕೆ. ಹಾಕಿಸ್ಕೊಂಡೆ. ಅದಾದ್ಮೇಲೂ ಆರು ತಿಂಗಳು ಅದೇ ಜಾಗದಲ್ಲಿ ಹಗ್ಗ ಕಟ್ಟಿದೀನಿ, ಬಿಚ್ಚಿದೀನಿ. ಒಂದಿನ ಆಗ್ಲಿಲ್ಲ, ಬಂದ್ಬಿಟ್ಟೆ. ಇಲ್ಲಿ ಈಗ ಶಾಲು ಅಂತಾರೆ."

"ಈಗ ನಿಜ ಬರೆದುಕೊಟ್ರೆ ಆ ಆಫೀಸಿನವರು ತಗೋತಾರಾ?"

"ತಗೋಬೇಕು. ಹೋಗಿ ನಿಂತ್ಕೋತೀನಿ. ಇನ್ಯಾವ ಬೋಟಿಗೂ ನನ್ನ ಸೇರಿಸ್ಕೊಳಲ್ಲ, ಅದು ಸರಿ. ಆದ್ರೆ ಮೊದ್ಲು ಆ ಅಮ್ಮನಿಗೆ ಹೇಳ್ಬೇಕು. ಅವರಿಗೆ ಗೊತ್ತಿಲ್ದೇ ಅವರ ಮಾತನ್ನ ಇನ್ನೊಂದ್ ಸಲ ಹೊತ್ಕೊಂಡು ಹೋಗಲ್ಲ ನಾನು."

ವೆಂಕಟರತ್ನಮ್ಮ ಇಷ್ಟು ದಿನ ಇವನ ಹೆಸರು ಹೇಳಿ ಮೊಮ್ಮಕ್ಕಳಿಗೆ ಕಥೆ ಹೇಳಿರಬಹುದು. ಅದೂ ಅವನ ತಲೆಯಲ್ಲಿ ಇತ್ತೆಂದು ಕಾಣುತ್ತದೆ. "ಉಗೀತಾರೆ, ಉಗೀಲಿ" ಎಂದ. "ಉಗೀದೆ, ಹೋಗ್ಲಿ ಬಿಡು ನಾಯನಾ ಅಂದ್ಬಿಟ್ರೆ ಏನ್ ಮಾಡ್ಲಿ ಅನ್ನೋದೇ ಭಯ."

ಆರಿದ ಟೀಯನ್ನು ಚೆಲ್ಲಿ ಬಿಸಿಯದು ತಂದುಕೊಟ್ಟೆ. ಈ ಸಲ ಕುಡಿದ. ಎದ್ದು ಚಪ್ಪಲಿ ಮೆಟ್ಟಿಕೊಂಡು, ಮೆಟ್ಟಿಲ ಕೆಳಗೊಮ್ಮೆ ನೋಡಿ ಇಳಿದ. ಗೇಟಿನ ತನಕ ಹೋದವನು ವಾಪಸು ಬಂದ.

"ಒಂದು ಉಪಕಾರ ಮಾಡ್ತೀರಾ ಅಮ್ಮ? ಭಾನುವಾರ ನನ್ ಜೊತೆ ದೇವರಾಯಸಮುದ್ರಕ್ಕೆ ಬನ್ನಿ. ಅವರು ಶಾಲು ಬಿಡಿಸೋ ಮುಂಚೆ ಹೇಳ್ತೀನಿ. ಅಷ್ಟು ಜನ ಕಂಡು, ಆಫೀಸರ್ ಮುಂದೆ ಆದಂಗೆ ನನ್ ಬಾಯಲ್ಲಿ ಮತ್ತೆ ಸುಳ್ಳು ಬಂದ್ರೆ, ನೀವು ಎದ್ದು ನಿಂತ್ಕೊಂಡು, ಇವತ್ತು ನಾನು ಹೇಳಿದ್ದನ್ನ ಇದ್ದಿದ್ದು ಇದ್ದಂಗೇ ಹೇಳ್ಬಿಡಿ."